ಅಜ್ಜಿ ವೇಷದ ಬೆಳ್ಳಿ ಡ್ರ್ಯಾಗನ್‌ಗೆ ಸ್ಟ್ಯಾಟ್ ಬ್ಲಾಕ್ ಕಟ್ಟೋದು ಹೇಗೆ?

ಮಂಡಗದ್ದೆ ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಐದು ಜನ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಉರುಳಿಸಿ ಕಥೆ ಕಟ್ಟುವ ಆಟ) ಆಡ್ತೀವಿ, ಪೂರ್ತಿ ಕನ್ನಡದಲ್ಲೇ. ಐದನೇ ಆವೃತ್ತಿ, 2014ರ ಪುಸ್ತಕಗಳು. ನಾನು ಡಿಎಂ, ಅಂದ್ರೆ ಕಥೆ ನಡೆಸೋ ಕೆಲಸ ನನ್ನದು, ಉಳಿದ ನಾಲ್ವರ ಪಾತ್ರಗಳೂ ಈಗ 5ನೇ ಲೆವೆಲ್.

ನಮ್ಮ ಕಥೆಯಲ್ಲಿ ಆಗುಂಬೆಯಂಥದೇ ಒಂದು ಘಾಟಿ ಇದೆ. ಘಾಟಿ ಹತ್ತಿ ಮುಗಿಸಿದ ಕೂಡಲೇ ಒಂದು ಊಟದ ಮನೆ. ನಡೆಸುವವಳು ಒಬ್ಬಳು ಅಜ್ಜಿ. ಮಳೆಯಲ್ಲಿ ನೆಂದು ಬಂದವರಿಗೆ ಕಡುಬು, ಕಳಲೆ ಪಲ್ಯ, ಬಿಸಿ ಗಂಜಿ ಹಾಕ್ತಾಳೆ. ದುಡ್ಡಿಲ್ಲದವರಿಗೂ ಹಾಕ್ತಾಳೆ. ಆಟಗಾರರಿಗೆ ಗೊತ್ತಿಲ್ಲದ ವಿಷಯ ಅಂದ್ರೆ ಅವಳು ಅಡಲ್ಟ್ ಸಿಲ್ವರ್ ಡ್ರ್ಯಾಗನ್. ಬೆಳ್ಳಿ ಡ್ರ್ಯಾಗನ್‌ಗಳಿಗೆ ಮನುಷ್ಯರ ಒಡನಾಟ ಇಷ್ಟ, ಮೋಡ ಮುಟ್ಟುವ ಬೆಟ್ಟಗಳೂ ಇಷ್ಟ. ನಮ್ಮ ಕಡೆಗೆ ಇದಕ್ಕಿಂತ ಹೊಂದುವ ಡ್ರ್ಯಾಗನ್ ಇಲ್ಲ ಅಂತ ನನಗೆ ಅನ್ನಿಸಿತ್ತು.

ಮುಂದಿನ ವಾರ ದರೋಡೆಕೋರರು ಆ ಮನೆಗೆ ನುಗ್ಗುತ್ತಾರೆ. ಅಜ್ಜಿ ಗಲಾಟೆಯ ನಡುವೆಯೇ ಇರ್ತಾಳೆ. ಹಾಗಾಗಿ ಅವಳಿಗೆ ಸ್ಟ್ಯಾಟ್ ಬ್ಲಾಕ್, ಅಂದ್ರೆ ಬಲ, ರಕ್ಷೆ, ಜೀವ ಎಷ್ಟೆಷ್ಟು ಅನ್ನೋ ಅಂಕಿಗಳ ಪಟ್ಟಿ ಬೇಕು.

ಈ ಕೆಲಸ ಒಮ್ಮೆ ಕೆಡಿಸಿದ್ದೇನೆ, ಅದಕ್ಕೇ ಕೇಳ್ತಿರೋದು. ಹಿಂದಿನ ಕ್ಯಾಂಪೇನಿನಲ್ಲಿ ಒಬ್ಬ ಪೂಜಾರಿಯ ವೇಷದ ಡ್ರ್ಯಾಗನ್ ಇತ್ತು. ಡ್ರ್ಯಾಗನ್ನಿನ ಅಂಕಿಗಳನ್ನೇ ಹಾಗೆ ಎತ್ತಿ ಅವನ ಮೈಮೇಲೆ ಹಾಕಿದ್ದೆ. ಎಸಿ (ಏಟು ತಾಗೋಕೆ ಎದುರಾಳಿ ಡೈಸಿನಲ್ಲಿ ಮುಟ್ಟಬೇಕಾದ ಅಂಕಿ) 19, ಬಲ 27. ನಮ್ಮ ಆಟಗಾರ್ತಿಯೊಬ್ಬಳು "ಪಂಚೆ ಶಲ್ಯದವನಿಗೆ ಎಸಿ 19 ಎಲ್ಲಿಂದ ಬಂತು?" ಅಂದಳು. ನ್ಯಾಯವಾದ ಪ್ರಶ್ನೆ. ನಾನು ಮಾತು ತೇಲಿಸಿದೆ. ಗುಟ್ಟು ಅಲ್ಲಿಗೇ ಸತ್ತುಹೋಯ್ತು, ಅದೂ ಅವರ ಜಾಣತನದಿಂದ ಒಡೆದದ್ದಲ್ಲ, ನನ್ನ ತಪ್ಪು ಲೆಕ್ಕದಿಂದ. ಈ ಸಲ ಹಾಗಾಗಬಾರದು. ಗುಟ್ಟು ಒಡೆದರೆ ಅವರೇ ಅಂಕಿಗಳನ್ನ ನೋಡಿ ಒಡೆಯಬೇಕು.

ಕೊಡಚಾದ್ರಿ ಮಂಜು

ಒಳ್ಳೇ ಪ್ರಶ್ನೆ. ಮೊದಲು ಪುಸ್ತಕದ ಮಾತು. ಚೇಂಜ್ ಶೇಪ್ ಎಂಬ ಆಕ್ಷನ್ ಇದೆಯಲ್ಲ, ಅದರಲ್ಲಿ ಡ್ರ್ಯಾಗನ್ ತನ್ನ ಸಿಆರ್‌ಗಿಂತ (ಎದುರಾಳಿ ಎಷ್ಟು ಕಷ್ಟ ಅನ್ನುವ ಅಂಕಿ) ಹೆಚ್ಚಿಲ್ಲದ ಯಾವುದೇ ಮನುಷ್ಯರೂಪ ಅಥವಾ ಪ್ರಾಣಿರೂಪ ತಾಳಬಹುದು. ನಿನ್ನ ಅಡಲ್ಟ್ ಸಿಲ್ವರ್‌ಗೆ ಸಿಆರ್ 16. ಉಳಿಸಿಕೊಳ್ಳೋದು ಏನೇನು ಅಂತ ಅಲ್ಲೇ ಬರೆದಿದ್ದಾರೆ: ಅಲೈನ್‌ಮೆಂಟ್, ಹಿಟ್ ಪಾಯಿಂಟ್ (ಎಚ್‌ಪಿ, ಎಷ್ಟು ಏಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ), ಹಿಟ್ ಡೈಸ್, ಮಾತಾಡುವ ಶಕ್ತಿ, ಪ್ರಾವೀಣ್ಯಗಳು, ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವ್ ಗೆದ್ದಂತೆ ಮಾಡಿಕೊಳ್ಳುವ ಶಕ್ತಿ; ಸೇವ್ ಅಂದ್ರೆ ಅಪಾಯ ತಪ್ಪಿಸಿಕೊಳ್ಳೋಕೆ ಉರುಳಿಸುವ ಡೈಸ್), ಲೇರ್ ಆಕ್ಷನ್‌ಗಳು, ಬುದ್ಧಿ, ವಿವೇಕ, ವರ್ಚಸ್ಸು, ಮತ್ತೆ ಈ ರೂಪ ಬದಲಿಸುವ ಶಕ್ತಿ. ಮಿಕ್ಕಿದ್ದೆಲ್ಲ ಹೊಸ ರೂಪದ್ದು. ಅಂದ್ರೆ ಬಲ, ಚುರುಕು, ತ್ರಾಣ, ಎಸಿ, ನಡಿಗೆಯ ವೇಗ, ಕಣ್ಣು, ಏಟು, ಎಲ್ಲ ಅಜ್ಜಿಯದೇ. ಹಿಮದ ಉಸಿರಿಲ್ಲ, ರೆಕ್ಕೆ ಇಲ್ಲ, ನೋಡಿದವರನ್ನ ನಡುಗಿಸುವ ಶಕ್ತಿ ಇಲ್ಲ. ಲೆಜೆಂಡರಿ ಆಕ್ಷನ್‌ಗಳು ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಅವೂ ಇಲ್ಲ.

ನನಗೆ ಇದು ತಲೆಗೆ ಹತ್ತಿದ್ದು ಯಕ್ಷಗಾನದ ಚೌಕಿಯಲ್ಲಿ. ನಮ್ಮೂರ ಮೇಳದಲ್ಲಿ ಬಣ್ಣದ ವೇಷ ಮಾಡ್ತಿದ್ದವರೊಬ್ಬರು ಒಂದು ರಾತ್ರಿ ಕಲಾವಿದರು ಕಡಿಮೆಯಾಗಿ ಸ್ತ್ರೀವೇಷಕ್ಕೆ ಕೂತರು. ಕಿರೀಟ ಇಲ್ಲ, ಗದೆ ಇಲ್ಲ, ಆ ಅಬ್ಬರದ ಹೆಜ್ಜೆ ಇಲ್ಲ. ಸೀರೆಗೆ ತಕ್ಕ ನಡೆ, ಸೀರೆಗೆ ತಕ್ಕ ಕೈ. ಆದರೆ ಚಂಡೆಗೆ ಸಮನಾಗಿ ಬೆಳಗಿನವರೆಗೆ ಕುಣಿಯುವ ಉಸಿರು ಅವರದೇ ಇತ್ತು. ಅರ್ಥ ಹೇಳುವ ಬುದ್ಧಿಯೂ ಅವರದೇ. ವೇಷ ಬದಲಾಗ್ತದೆ, ಉಸಿರು ಮತ್ತು ಬುದ್ಧಿ ಉಳೀತದೆ. ಚೇಂಜ್ ಶೇಪ್ ಪೂರ್ತಿ ಅಷ್ಟೇ.

ತುಂಗೆಯ ದಂಡೆ

ಮೇಲಿನ ಮಾತನ್ನ ಅಂಕಿಗೆ ಇಳಿಸಿ ನೋಡೋಣ. ಅಡಲ್ಟ್ ಸಿಲ್ವರ್: ಎಸಿ 19, ಎಚ್‌ಪಿ 243. ಬಲ 27, ಚುರುಕು 10, ತ್ರಾಣ 25, ಬುದ್ಧಿ 16, ವಿವೇಕ 13, ವರ್ಚಸ್ಸು 21. ಕಾಮನರ್ (ಪುಸ್ತಕದಲ್ಲಿನ ಸಾಮಾನ್ಯ ಮನುಷ್ಯ): ಎಸಿ 10, ಎಚ್‌ಪಿ 4, ಆರೂ ಗುಣ 10.

ಎರಡನ್ನೂ ಹೊಲಿದರೆ ಅಜ್ಜಿಗೆ ಬಲ, ಚುರುಕು, ತ್ರಾಣ ತಲಾ 10. ಬುದ್ಧಿ 16, ವಿವೇಕ 13, ವರ್ಚಸ್ಸು 21. ಎಸಿ 10. ಎಚ್‌ಪಿ ಮಾತ್ರ 243.

ಇಲ್ಲೇ ನಿನಗೆ ಬೇಕಾದ ಸುಳಿವು ಇರೋದು. ಮಾಮೂಲಿ ದರೋಡೆಕೋರ ಏಟು ಹಾಕುವಾಗ ಇಪ್ಪತ್ತು ಮುಖದ ಡೈಸಿಗೆ +3 ಸೇರ್ತದೆ. ಎಸಿ 10ಕ್ಕೆ ತಾಗಬೇಕಾದ್ರೆ ಡೈಸ್‌ನಲ್ಲಿ 7 ಅಥವಾ ಹೆಚ್ಚು ಬಿದ್ದರೆ ಸಾಕು, ಅಂದ್ರೆ ನೂರಕ್ಕೆ 70 ಸಲ ತಾಗ್ತದೆ. ಒಂದೊಂದು ಏಟಿಗೆ ಸರಾಸರಿ 4.5. ಐದು ಜನ ಅವಳ ಮೇಲೆ ಬಿದ್ದರೆ ಸುತ್ತಿಗೆ ಸುಮಾರು 16 ಹೋಗ್ತದೆ. ನಿಜವಾದ ಅಜ್ಜಿ ಮೊದಲ ಒಂದೆರಡು ಏಟಿಗೇ ನೆಲಕ್ಕೆ. ನಿನ್ನ ಅಜ್ಜಿ ಮೂರು ಸುತ್ತು ಕಳೆದು 48 ಕಳೆದುಕೊಂಡ ಮೇಲೂ ಒಲೆಯ ಮುಂದೆ ನಿಂತೇ ಇರ್ತಾಳೆ. ಏಟೆಲ್ಲ ತಾಗ್ತಿದೆ, ರಕ್ತ ಬರ್ತಿದೆ, ಬೀಳ್ತಿಲ್ಲ. ನೀನು ಬಾಯಿ ಬಿಡಬೇಕಾಗಿಯೇ ಇಲ್ಲ. ಎಸಿ 19 ಕೊಟ್ಟಿದ್ದರೆ ಏಟುಗಳು ತಪ್ತಾ ಇರ್ತಿದ್ವು, ಆಟಗಾರರು "ಅದೃಷ್ಟ" ಅಂದ್ಕೊಂಡು ಸುಮ್ಮನಾಗ್ತಿದ್ರು, ಇಲ್ಲಾ ನಿನ್ನ ಮೇಲೆ ಸಿಟ್ಟಾಗ್ತಿದ್ರು.

ಸಾಗರದ ಸವಾರ

ಒಂದು ಎಚ್ಚರಿಕೆ. ಡ್ರುಯಿಡ್‌ನ (ಪ್ರಕೃತಿಯ ಮಂತ್ರವಾದಿ) ವೈಲ್ಡ್ ಶೇಪ್, ಅಂದ್ರೆ ಪ್ರಾಣಿಯಾಗುವ ಶಕ್ತಿಯ ಜೊತೆ ಇದನ್ನ ಕಲಸಬೇಡಿ, ನಮ್ಮ ಟೇಬಲ್ಲಿನಲ್ಲಿ ಇದೇ ಗೊಂದಲ ಆಗಿತ್ತು. 2014ರ ಡ್ರುಯಿಡ್ ಕರಡಿಯಾದಾಗ ಕರಡಿಯ ಎಚ್‌ಪಿ ಬೇರೆ ಸಿಗ್ತದೆ, ಅದು ಮುಗಿದರೆ ಮನುಷ್ಯನಾಗಿ ವಾಪಸ್ ಬಂದು ತನ್ನ ಎಚ್‌ಪಿಯಲ್ಲಿ ಮುಂದುವರೀತಾನೆ. ಡ್ರ್ಯಾಗನ್‌ಗೆ ಆ ಎರಡನೇ ಜೀವ ಇಲ್ಲ. ಒಂದೇ ಕೊಡ, ಒಂದೇ ನೀರು. ಅಜ್ಜಿಯಾಗಿ ಕಳೆದುಕೊಂಡದ್ದು ಡ್ರ್ಯಾಗನ್ ಆದಾಗಲೂ ಕಳೆದದ್ದೇ. ಅಜ್ಜಿಯಾಗಿಯೇ ಸತ್ತರೆ ಡ್ರ್ಯಾಗನ್ನಿನ ಹೆಣ ಉಳೀತದೆ, ಅಷ್ಟೇ.

ನಿಜರೂಪಕ್ಕೆ ಬರೋಕೂ ಒಂದು ಆಕ್ಷನ್ ಬೇಕು. ಊಟದ ಮನೆಯ ಮಾಡಿನ ಕೆಳಗೆ ಆ ಗಾತ್ರದ ಮೈ ಹಿಡಿಸ್ತದಾ ಅನ್ನೋದನ್ನೂ ಮೊದಲೇ ಯೋಚನೆ ಮಾಡಿಟ್ಟುಕೊಳ್ಳಿ.

ಆಗುಂಬೆ ಮಳೆ

ಕಾಮನರ್ ಯಾಕೆ? ಸಿಆರ್ 16ರವರೆಗೆ ಯಾವ ಮನುಷ್ಯರೂಪವಾದ್ರೂ ಆಗ್ತದೆ ಅಂದ್ರೆ ಆರ್ಚ್‌ಮೇಜ್‌ಗೆ (ಮಹಾ ಮಂತ್ರವಾದಿಗೆ) ಸಿಆರ್ 12. ಅಜ್ಜಿಯನ್ನ ಆರ್ಚ್‌ಮೇಜ್ ಮಾಡಿಬಿಡಿ, 9ನೇ ಲೆವೆಲ್ ಮಂತ್ರದವರೆಗೂ ಸಿಗ್ತದೆ.

ಕೊಡಚಾದ್ರಿ ಮಂಜು

@ಆಗುಂಬೆ ಮಳೆ, ಇದು ಹಳೇ ಜಗಳ. ಹೊಸ ರೂಪದ ಕ್ಲಾಸ್ ಫೀಚರ್‌ಗಳು (ಒಂದು ವೃತ್ತಿ ಕಲಿತು ಬಂದ ಶಕ್ತಿಗಳು) ಸಿಗಲ್ಲ ಅಂತ ನಿಯಮ ಹೇಳ್ತದೆ. ಆರ್ಚ್‌ಮೇಜ್‌ನ ಮಂತ್ರಗಳು ಅವನ ಸ್ಟ್ಯಾಟ್ ಬ್ಲಾಕಿನಲ್ಲೇ ಇರೋದ್ರಿಂದ ಅವು ಕ್ಲಾಸ್ ಫೀಚರ್ ಅಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅಕ್ಷರ ಹಿಡಿದು ನೋಡಿದರೆ ಆ ವಾದ ನಿಲ್ಲಬಹುದು. ನಾನು ಒಪ್ಪಲ್ಲ. ಮಂತ್ರ ಅನ್ನೋದು ಆ ಮಂತ್ರವಾದಿ ಒಂದು ಜನ್ಮ ಕೂತು ಕಲಿತದ್ದು. ಡ್ರ್ಯಾಗನ್ ತಾಳೋದು ಮೈಯನ್ನ, ಇನ್ನೊಬ್ಬರ ಓದನ್ನಲ್ಲ. ಆ ಬಾಗಿಲು ತೆಗೆದರೆ ಪ್ರತಿ ಬೆಳ್ಳಿ ಡ್ರ್ಯಾಗನ್ನೂ ದಿನಾ ಬೆಳಿಗ್ಗೆ ಆರ್ಚ್‌ಮೇಜ್ ಆಗಿಯೇ ಏಳ್ತದೆ, ಅಜ್ಜಿ ಆಗೋಕೆ ಕಾರಣವೇ ಇರಲ್ಲ.

ಕೊಡಲೇಬೇಕು ಅಂತಿದ್ರೆ ಲೆಕ್ಕ ಮತ್ತೆ ಮಾಡಬೇಕು, ಅದನ್ನ ಯಾರೂ ಮಾಡಲ್ಲ. ಉದಾಹರಣೆಗೆ ಪ್ರೀಸ್ಟ್ ರೂಪ ತಗೊಂಡ್ರೆ ಅವನ ಮಂತ್ರದ ಡಿಸಿ (ಅದರಿಂದ ತಪ್ಪಿಸಿಕೊಳ್ಳೋಕೆ ಮುಟ್ಟಬೇಕಾದ ಅಂಕಿ) 13 ಅವನ ವಿವೇಕ 16ರಿಂದ ಬಂದದ್ದು. ಡ್ರ್ಯಾಗನ್ ತನ್ನ ವಿವೇಕ 13 ಉಳಿಸಿಕೊಳ್ತದೆ. ಹಾಗಾಗಿ ಡಿಸಿ ಕೂಡ ಬದಲಾಗ್ತದೆ.

ಹೊಸನಗರದ ಹೊಳೆ

ಹೊಡೆದಾಟಕ್ಕೆ ಸ್ವಲ್ಪ ಕೈ ಬೇಕು ಅಂದ್ರೆ ವೆಟರನ್ (ಪಳಗಿದ ಸೈನಿಕ) ನೋಡಿ. ಅದರ ಎಸಿ 17 ಬರೋದು ಲೋಹದ ಕವಚದಿಂದ. ಸೀರೆ ಉಟ್ಟ ಅಜ್ಜಿಗೆ ಕವಚ ಇಲ್ಲ, ಚುರುಕು 13ಕ್ಕೆ +1, ಅಂದ್ರೆ ಎಸಿ 11 ಅಷ್ಟೇ. ಬಲ 16 ಇರ್ತದೆ. ಅಡಿಕೆ ತೋಟದಲ್ಲಿ ನಲವತ್ತು ವರ್ಷ ಹೊರೆ ಹೊತ್ತ ಹೆಂಗಸಿನ ಕೈ ನೋಡಿದವರಿಗೆ ಬಲ 16 ಅಂದ್ರೆ ಆಶ್ಚರ್ಯ ಏನೂ ಆಗಲ್ಲ. ನನ್ನ ಅಜ್ಜಿ ಎಪ್ಪತ್ತರ ಮೇಲೂ ತುಂಬಿದ ಹಂಡೆಯನ್ನ ಬಚ್ಚಲ ಒಲೆಯಿಂದ ಒಬ್ಬಳೇ ಇಳಿಸ್ತಿದ್ದಳು. ಅವಳನ್ನ ಬಲ 10 ಅಂತ ಬರೆಯೋಕೆ ನನಗೆ ಮನಸ್ಸು ಬರಲ್ಲ.

ಮಂಡಗದ್ದೆ ಬೆಳ್ಳಕ್ಕಿ

ಹೊಳೆ ಅವರೇ, ಹಂಡೆಯ ಮಾತು ಓದಿ ನನ್ನ ಮನಸ್ಸೂ ತಿರುಗಿತ್ತು. ಆದ್ರೂ ಕಾಮನರ್‌ಗೇ ಹೋಗ್ತೀನಿ. ಈ ಡ್ರ್ಯಾಗನ್ ಹೊಡೆಯೋಕೆ ಅಂತ ಈ ಮೈ ಆರಿಸಿಕೊಂಡದ್ದಲ್ಲ, ಬಡಿಸೋಕೆ ಆರಿಸಿಕೊಂಡದ್ದು. ಹೊಡೆಯುವ ಶಕ್ತಿ ಇಲ್ಲದ ಮೈಯಲ್ಲಿ ನಿಂತು ಅತಿಥಿಗಳಿಗೆ ಅಡ್ಡ ಬರ್ತಾಳೆ ಅನ್ನೋದು ನನಗೆ ಮುಖ್ಯ. ನಿಮ್ಮ ಅಜ್ಜಿಯ ನೆನಪಿಗೆ ಬಲ 12 ಮಾಡ್ತೀನಿ. ಅಷ್ಟು ಹೋಂಬ್ರೂ (ಪುಸ್ತಕದಲ್ಲಿಲ್ಲದ ಸ್ವಂತ ಬದಲಾವಣೆ) ಇರಲಿ.

ಈಗ ಎರಡು ಅನುಮಾನ. ಪ್ರಾವೀಣ್ಯಗಳು ಉಳೀತವೆ ಅಂದ್ರೆ ಪ್ರಾವೀಣ್ಯದ ಬೋನಸ್ (ಪಳಗಿದ ಕೆಲಸಕ್ಕೆ ಡೈಸಿಗೆ ಸೇರುವ ಅಂಕಿ) ಯಾರದು? ಡ್ರ್ಯಾಗನ್ನಿನ +5 ಅಥವಾ ಕಾಮನರ್‌ನ +2? ಮತ್ತೆ, ಬೆಳ್ಳಿ ಡ್ರ್ಯಾಗನ್‌ಗೆ ಚಳಿ ತಾಗಲ್ಲ. ಅಜ್ಜಿಗೆ?

ತುಂಗೆಯ ದಂಡೆ

ಬೋನಸ್ ವಿಷಯ ನಿಯಮದಲ್ಲಿ ನೇರವಾಗಿ ಇಲ್ಲ. ನನ್ನ ತೀರ್ಮಾನ +5. ಪ್ರಾವೀಣ್ಯ ಅಂದ್ರೆ ಅನುಭವ, ಅನುಭವ ತಲೆಯಲ್ಲಿರ್ತದೆ, ತಲೆ ಡ್ರ್ಯಾಗನ್ನಿನದು. ಹಾಗಿಟ್ಟರೆ ವಿವೇಕದ ಸೇವ್ +6, ವರ್ಚಸ್ಸಿನ ಸೇವ್ +10, ಮೊದಲಿನಂತೆಯೇ. ಚುರುಕಿನ ಸೇವ್ ಕೂಡ +5ರಲ್ಲೇ ಉಳೀತದೆ, ಯಾಕಂದ್ರೆ ಎರಡೂ ರೂಪದ ಚುರುಕು 10. ತ್ರಾಣದ ಸೇವ್ ಮಾತ್ರ ದೊಡ್ಡದಾಗಿ ಬೀಳ್ತದೆ: ಡ್ರ್ಯಾಗನ್‌ಗೆ +12, ಅಜ್ಜಿಗೆ +5. ವಿಷ ಹಾಕಿದರೆ ಅವಳಿಗೆ ನಿಜವಾಗಿ ಕಷ್ಟ. ಆಗ ಲೆಜೆಂಡರಿ ರೆಸಿಸ್ಟೆನ್ಸ್ ಇದೆ, ದಿನಕ್ಕೆ 3 ಸಲ.

ಪರ್ಸೆಪ್ಷನ್ (ಗಮನಿಸುವ ಶಕ್ತಿ) +11, ಪ್ಯಾಸಿವ್ (ಡೈಸ್ ಉರುಳಿಸದೆಯೇ ಸಿಗುವುದು) 21. ಇದನ್ನ ಮರೀಬೇಡಿ. ಕತ್ತಲಲ್ಲಿ ನೋಡುವ ಶಕ್ತಿ, ಕಣ್ಣಿಲ್ಲದೆ ಗ್ರಹಿಸುವ ಶಕ್ತಿ ಎರಡೂ ಡ್ರ್ಯಾಗನ್ ಮೈಯದು, ಹೋಗ್ತವೆ. ದೀಪ ಆರಿದರೆ ಅಜ್ಜಿಗೂ ಎಲ್ಲರಂತೆ ಕತ್ತಲೆ. ಆದ್ರೆ ಹಿತ್ತಲಲ್ಲಿ ಯಾರೋ ಒಣ ಸೋಗೆ ತುಳಿದದ್ದು ಅವಳಿಗೆ ಕೇಳಿಸ್ತದೆ. ನಿಮ್ಮವರಲ್ಲಿ ಯಾರಾದ್ರೂ ಮೆಲ್ಲಗೆ ಅಟ್ಟದ ಡಬ್ಬಿಗೆ ಕೈ ಹಾಕಿದರೆ, ಬೆನ್ನು ತಿರುಗಿಸಿ ಕೂತೇ "ಅದು ಉಪ್ಪಿನಕಾಯಿ ಮಗಾ, ಜಾಡಿ ಒದ್ದೆ ಕೈಯಲ್ಲಿ ಮುಟ್ಟಬೇಡ" ಅನ್ನಲಿ.

ಆಗುಂಬೆ ಮಳೆ

ಚಳಿಯ ವಿಷಯ ನಾನು ಹೇಳ್ತೀನಿ. ಕೋಲ್ಡ್ ಇಮ್ಯೂನಿಟಿ ಉಳಿಯುವವುಗಳ ಪಟ್ಟಿಯಲ್ಲಿಲ್ಲ. ಅಂದ್ರೆ ಅಜ್ಜಿಗೆ ಚಳಿ ಆಗ್ತದೆ.

ಬಹಳ ಡಿಎಂಗಳು ಇದನ್ನ ಉಳಿಸಿಕೊಡ್ತಾರೆ, ಸುಳಿವು ಚೆನ್ನಾಗಿರ್ತದೆ ಅಂತ. ಮಂಜಿನಲ್ಲಿ ಬರಿಗಾಲಲ್ಲಿ ನಿಲ್ಲುವ ಅಜ್ಜಿ ಇತ್ಯಾದಿ. ನಾನು ಆಗುಂಬೆ ಹತ್ತಿರದವಳು, ಆಷಾಢದ ಚಳಿ ಏನು ಅಂತ ಗೊತ್ತು. ಬಟ್ಟೆ ಒಣಗಲ್ಲ, ಗೋಡೆ ನೀರು ಕುಡೀತದೆ, ಹಾಸಿಗೆಯೇ ತಣ್ಣಗೆ ಕಚ್ಚುತ್ತದೆ. ಯೋಚನೆ ಮಾಡಿ ನೋಡಿ, ಹುಟ್ಟಿದಾಗಿನಿಂದ ಚಳಿ ಅಂದ್ರೇನು ಅಂತಲೇ ಗೊತ್ತಿಲ್ಲದ, ತನ್ನ ಉಸಿರೇ ಹಿಮವಾಗಿದ್ದ ಒಂದು ಜೀವಿ, ಮೊದಲ ಸಲ ಮನುಷ್ಯಳ ಮೈಯಲ್ಲಿ ನಮ್ಮ ಮಳೆಗೆ ಸಿಕ್ಕಿ ನಡುಗಿತು. ಚಳಿ ಅಂದ್ರೆ ಇದು ಅಂತ ತಿಳಿದ ಮೇಲೆ ಒಲೆ ಹಚ್ಚಿತು. ಆಮೇಲೆ ದಾರಿಯಲ್ಲಿ ನಡುಗ್ತಾ ಬಂದವರನ್ನ ಒಳಗೆ ಕರೀತು. ನಿಮ್ಮ ಊಟದ ಮನೆ ಹಾಗೆ ಶುರುವಾಯ್ತು.

ಇಮ್ಯೂನಿಟಿ ಉಳಿಸಿದರೆ ಒಂದು ಸುಳಿವು ಸಿಗ್ತದೆ. ಕಳೆದರೆ ಅವಳು ಯಾಕೆ ಅಲ್ಲಿದ್ದಾಳೆ ಅನ್ನೋದು ಸಿಗ್ತದೆ. ದಯವಿಟ್ಟು ಕಳೀರಿ. ಕಂಬಳಿ ಹೊದಿಸಿ ಒಲೆ ಹತ್ರ ಕೂರಿಸಿ.

ಮಂಡಗದ್ದೆ ಬೆಳ್ಳಕ್ಕಿ

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೂರು ವಾರದಿಂದ ಅವಳ ಪೂರ್ವಕಥೆ ಹುಡುಕ್ತಿದ್ದೆ, ಒಂದು ಇಮ್ಯೂನಿಟಿ ಅಳಿಸಿದ ಜಾಗದಲ್ಲಿ ಸಿಕ್ತು. ತುಂಬಾ ಧನ್ಯವಾದ.

ಸಾಗರದ ಸವಾರ

ಪಾರ್ಟಿಯಲ್ಲಿ ಡ್ರುಯಿಡ್ ಇದ್ದಾರಾ? ಮೂನ್‌ಬೀಮ್ (ಬೆಳದಿಂಗಳು ಬೀಳಿಸುವ ಮಂತ್ರ) ಇದ್ರೆ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಮಂಡಗದ್ದೆ ಬೆಳ್ಳಕ್ಕಿ

ಇದ್ದಾನೆ, ಮೂನ್‌ಬೀಮ್ ಕೂಡ ಇದೆ! ಶೇಪ್‌ಚೇಂಜರ್‌ಗಳು ಆ ಬೆಳಕಿನಲ್ಲಿ ಸೇವ್ ಸೋತರೆ ನಿಜರೂಪಕ್ಕೆ ಬರ್ತಾರೆ ಅಲ್ವಾ?

ಕೊಡಚಾದ್ರಿ ಮಂಜು

ಅಕ್ಷರಶಃ ನೋಡಿದರೆ ಡ್ರ್ಯಾಗನ್‌ಗೆ ತಾಗಲ್ಲ. ಡಾಪಲ್‌ಗ್ಯಾಂಗರ್, ವೇರ್‌ವುಲ್ಫ್ ಇವುಗಳ ಸ್ಟ್ಯಾಟ್ ಬ್ಲಾಕಿನ ಮೇಲ್ಗಡೆಯೇ ಶೇಪ್‌ಚೇಂಜರ್ ಅಂತ ಇರ್ತದೆ. 2014ರ ಬೆಳ್ಳಿ ಡ್ರ್ಯಾಗನ್ನಿನ ತಲೆಬರಹದಲ್ಲಿ ಆ ಪದ ಇಲ್ಲ. ಆದ್ರೆ ಟೇಬಲ್ಲಿನಲ್ಲಿ ಹುಡುಗ ಅಷ್ಟು ಯೋಚಿಸಿ ಬೆಳದಿಂಗಳು ಬಿಟ್ಟರೆ ನಾನಾದ್ರೆ ಬೇಡ ಅನ್ನಲ್ಲ. ಊಹಿಸಿದವನಿಗೆ ಫಲ ಸಿಗಲಿ.

ಡಿಸ್ಪೆಲ್ ಮ್ಯಾಜಿಕ್ ನಡೆಯಲ್ಲ, ಅದು ಮಂತ್ರಗಳನ್ನ ಮಾತ್ರ ಮುಗಿಸ್ತದೆ, ಚೇಂಜ್ ಶೇಪ್ ಮಂತ್ರವಲ್ಲ. ಟ್ರೂ ಸೀಯಿಂಗ್ (ನಿಜರೂಪ ಕಾಣಿಸುವುದು) 6ನೇ ಲೆವೆಲ್ ಮಂತ್ರ, ನಿಮ್ಮವರಿಗೆ ಇನ್ನೂ ದೂರ. ಇನ್ನೊಂದು, ಅಜ್ಜಿಯಾಗಿರುವಷ್ಟು ಹೊತ್ತು ಅವಳು ಹ್ಯುಮನಾಯ್ಡ್, ಹಾಗಾಗಿ ಹೋಲ್ಡ್ ಪರ್ಸನ್ ತಾಗ್ತದೆ. ದರೋಡೆಕೋರರ ಜೊತೆ ಮಂತ್ರ ಬಲ್ಲವನಿದ್ದರೆ ಅವಳನ್ನ ನಿಂತಲ್ಲೇ ಕಟ್ಟಿಹಾಕಬಹುದು. ಸೇವ್ ಸೋತಾಗ ಲೆಜೆಂಡರಿ ರೆಸಿಸ್ಟೆನ್ಸ್ ಬಳಸಿ ಎದ್ದರೆ ಅದೂ ಒಂದು ಸುಳಿವೇ.

2025ರಲ್ಲಿ ಬಂದ ಹೊಸ ಮಾನ್ಸ್ಟರ್ ಮ್ಯಾನ್ಯುಯಲ್ ಬಳಸುವವರಿಗೆ ಇದೆಲ್ಲ ಹೀಗೇ ಇರಲ್ಲ. ಅದರಲ್ಲಿ ರೂಪ ಬದಲಿಸೋದು ಮಂತ್ರದ ರೂಪದಲ್ಲಿ ಬರ್ತದೆ. ಅದನ್ನೂ ಇದನ್ನೂ ಬೆರೆಸಬೇಡಿ.

ಮಂಡಗದ್ದೆ ಬೆಳ್ಳಕ್ಕಿ

ಕೊನೆಗೆ ಬರೆದುಕೊಂಡದ್ದು ಇದು. ಮೂಲ ಅಂಕಿಗಳು ಎಸ್‌ಆರ್‌ಡಿ 5.1ರವು, ಅಂದ್ರೆ ಪ್ರಕಾಶಕರು ಎಲ್ಲರಿಗೂ ಬಿಟ್ಟಿರುವ ನಿಯಮಗಳ ಕಡತದವು. ಅದು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿ ಇರೋದ್ರಿಂದ ಮೂಲದ ಹೆಸರು ಹೇಳಿ ಕನ್ನಡದಲ್ಲಿ ಯಾರು ಬೇಕಾದ್ರೂ ಹಂಚಬಹುದು.

ಘಾಟಿ ಅಜ್ಜಿ. ಮಧ್ಯಮ ಗಾತ್ರ, ಮನುಷ್ಯರೂಪ, ಲಾಫುಲ್ ಗುಡ್.
ರಕ್ಷೆ (ಎಸಿ) 10. ಉಸಿರು (ಎಚ್‌ಪಿ) 243. ನಡಿಗೆ 30 ಅಡಿ.
ಬಲ 12, ಚುರುಕು 10, ತ್ರಾಣ 10, ಬುದ್ಧಿ 16, ವಿವೇಕ 13, ವರ್ಚಸ್ಸು 21.
ಸೇವ್: ಚುರುಕು +5, ತ್ರಾಣ +5, ವಿವೇಕ +6, ವರ್ಚಸ್ಸು +10.
ಆರ್ಕೇನಾ +8, ಹಿಸ್ಟರಿ +8, ಪರ್ಸೆಪ್ಷನ್ +11, ಸ್ಟೆಲ್ತ್ +5. ಪ್ಯಾಸಿವ್ ಪರ್ಸೆಪ್ಷನ್ 21.
ಲೆಜೆಂಡರಿ ರೆಸಿಸ್ಟೆನ್ಸ್ ದಿನಕ್ಕೆ 3.
ಸೌದೆ ಕೊಳ್ಳಿ: ತಾಗಿದರೆ 1ಡಿ4+1 (ನಾಲ್ಕು ಮುಖದ ಒಂದು ಡೈಸ್, ಮೇಲೆ 1).
ರೂಪ ಬದಲಾವಣೆ: ಒಂದು ಆಕ್ಷನ್. ಕೈಯ ಬೆಳ್ಳಿ ಕಡಗ ಡ್ರ್ಯಾಗನ್ ಮೈಯೊಳಗೆ ಕರಗುತ್ತದೆ.

ಎಚ್‌ಪಿಗೆ "ಉಸಿರು" ಅಂತ ಇಟ್ಟದ್ದು ಮಂಜು ಅವರ ಚೌಕಿಯ ಮಾತಿನಿಂದ. ಇನ್ನುಮೇಲೆ ನಮ್ಮ ಟೇಬಲ್ಲಿನಲ್ಲಿ ಎಲ್ಲ ಪಾತ್ರಗಳಿಗೂ ಅದೇ ಪದ.

ಹೊಸನಗರದ ಹೊಳೆ

ಕೊಳ್ಳಿಯ ಏಟಿಗೆ ಪ್ರಾವೀಣ್ಯ ಸೇರಿಸಬೇಡಿ, ಡ್ರ್ಯಾಗನ್ ಕೊಳ್ಳಿ ಹಿಡಿದು ಕಲಿತದ್ದಿಲ್ಲ. +1 ಸಾಕು. ಬಲ 12ಕ್ಕೆ ನನ್ನ ಅಜ್ಜಿಯ ಪರವಾಗಿ ನಮಸ್ಕಾರ.

ಮಂಡಗದ್ದೆ ಬೆಳ್ಳಕ್ಕಿ

ಆಟ ಮುಗಿಸಿ ಬಂದೆ. ಹೇಳಲೇಬೇಕು.

ಮಧ್ಯಾಹ್ನದಿಂದ ಮಳೆ, ನಾಲ್ಕೂವರೆಗೆ ಕರೆಂಟ್ ಹೋಯ್ತು. ಎಮರ್ಜೆನ್ಸಿ ದೀಪದ ಸುತ್ತ ಕೂತು ಆಡಿದ್ವಿ. ಆರು ದರೋಡೆಕೋರರು. ಎರಡು ಪಾತ್ರ ಕೊಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ವು, ಹಾಗಾಗಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಡೈಸನ್ನ ಎಲ್ಲರೆದುರೇ ಉರುಳಿಸಿದೆ, ಪರದೆ ಹಿಂದೆ ಅಲ್ಲ. ಪ್ರತಿ ಏಟಿಗೂ "ತಾಗ್ತು" ಅಂದೆ, ಎಷ್ಟು ಅಂತಲೂ ಹೇಳಿದೆ. ಮೊದಲ ಸುತ್ತಿನಲ್ಲಿ ಯಾರೂ ಗಮನಿಸಲಿಲ್ಲ. ಎರಡನೇ ಸುತ್ತಿಗೆ ವಿಝರ್ಡ್ ಆಡುವವಳು, ಅದೇ ಪಂಚೆ ಶಲ್ಯದ ಪ್ರಶ್ನೆ ಕೇಳಿದವಳು, ತನ್ನ ಹಾಳೆಯ ಅಂಚಿನಲ್ಲಿ ಏನೋ ಕೂಡಿಸೋಕೆ ಶುರು ಮಾಡಿದಳು. ನಾನು ನೋಡಿಯೂ ನೋಡದ ಹಾಗಿದ್ದೆ.

ಗಲಾಟೆ ಮುಗಿದ ಮೇಲೆ ಕ್ಲೆರಿಕ್ ಅಜ್ಜಿಗೆ ಮದ್ದು ಮಾಡೋಕೆ ಬಂದ. "ಎಷ್ಟು ಉಸಿರು ಹೋಗಿದೆ?" ಅಂದ. ನಾನು ಬಾಯಿ ತೆಗೆಯೋದರೊಳಗೆ ವಿಝರ್ಡ್ ಹೇಳಿದಳು: "51."

ಯಾರೂ ಮಾತಾಡಲಿಲ್ಲ. ಅವರ ಫೈಟರ್‌ಗೇ ಒಟ್ಟು ಉಸಿರು 44. ಅವಳು ಪೆನ್ಸಿಲ್ ಕೆಳಗಿಟ್ಟು ಅಜ್ಜಿಯನ್ನೇ ಕೇಳಿದಳು, "ಅಜ್ಜಿ, ನೀವು ಈ ಘಾಟಿಗೆ ಬಂದು ಎಷ್ಟು ವರ್ಷ ಆಯ್ತು?"

ನಾನು ಅಜ್ಜಿಯ ದನಿಯಲ್ಲಿ "ಮೊದಲ ಸಲ ಚಳಿ ಆದಾಗಿನಿಂದ ಮಗಳೇ" ಅಂದೆ. ಅವಳು ಮುಂದೆ ಕೇಳಲಿಲ್ಲ. ಆಟದೊಳಗೇ ತನ್ನ ಕಂಬಳಿ ತೆಗೆದು ಅಜ್ಜಿಗೆ ಹೊದಿಸಿದಳು. ಉಳಿದ ಮೂವರಿಗೂ ಗೊತ್ತಾಗಿದೆ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಯಾರೂ ಆ ಪದ ಆಡಲಿಲ್ಲ.

ಆಗುಂಬೆ ಮಳೆ

ಕಂಬಳಿ ಹೊದಿಸಿದಳಾ! ನನಗೆ ಇಷ್ಟು ಸಾಕು.

ಸಾಗರದ ಸವಾರ

ಬಹಳ ಚೆನ್ನಾಗಿ ನಡೆಸಿದ್ದೀರಿ. ಕ್ಲೆರಿಕ್ ಮದ್ದು ಮಾಡಿದನಾ ಇಲ್ವಾ ಅಂತ ಬರೆದಿಟ್ಟುಕೊಳ್ಳಿ. ಮಾಡಿಲ್ಲ ಅಂದ್ರೆ, ಮುಂದಿನ ಭಾನುವಾರದೊಳಗೆ ಅವಳು ವಿಶ್ರಾಂತಿ ತಗೊಳ್ಳದೆ ರೆಕ್ಕೆ ಬಿಚ್ಚಿದರೆ 243 ಅಲ್ಲ, 192ರಿಂದ ಶುರು.

ಮಂಡಗದ್ದೆ ಬೆಳ್ಳಕ್ಕಿ

ಮಾಡಿದ. ಅವನ ಹತ್ರ ಉಳಿದಿದ್ದ ಕೊನೇ ಮಂತ್ರ ಅದು, 9 ವಾಪಸ್ ಬಂತು. 201 ಅಂತ ಬರೆದುಕೊಂಡಿದ್ದೀನಿ.